ಆರೂವರೆ ಚೌಕ

ಎಂಟು ಹಾಳೆಗಳಲ್ಲಿ ಎಂಟೂ ನೆಟ್ಟನೆಯ ಗೆರೆ. ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ, ಗೋಡೆಗೆ ಕೋಲು ಒರಗಿಸಿಟ್ಟ ಹಾಗೆ. ಒಲೆಯ ಮೇಲಿಟ್ಟ ನೀರು ಹೇಗೆ ಕಾಯುತ್ತದೆಂದು ಥರ್ಮಾಮೀಟರ್ ಹಿಡಿದು ನೋಡಿ ಗ್ರಾಫ್ ಬರೆಯಿರಿ ಎಂದು ಹನ್ನೊಂದನೆಯ ಇಯತ್ತೆಯ, ಅಂದರೆ ಶಾಲೆಯ ಕೊನೆಯ ತರಗತಿಯ, ನನ್ನ ಎಂಟು ವಿದ್ಯಾರ್ಥಿಗಳಿಗೆ ಹೇಳಿದ್ದೆ. ನೀರು ಮೊದಲು ಬೇಗ ಕಾಯುತ್ತದೆ, ಕುದಿ ಹತ್ತಿರ ಬಂದಂತೆ ನಿಧಾನವಾಗುತ್ತದೆ. ಗೆರೆ ಬಾಗಬೇಕಿತ್ತು. ಒಂದೂ ಬಾಗಿರಲಿಲ್ಲ. ಎಷ್ಟು ಅಚ್ಚುಕಟ್ಟು ಎಂದು ಒಂದು ಗಳಿಗೆ ನಾನೂ ಹಿಗ್ಗಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮರ್ಮ ಆಮೇಲೆ ತಿಳಿಯಿತು. ಸೊನ್ನೆ, ಒಂದು, ಎರಡು, ನಾಲ್ಕು, ಏಳು, ಹನ್ನೆರಡು ಎಂದು ನಿಮಿಷಗಳಿದ್ದರೆ, ಹುಡುಗರು ಅವನ್ನು ಕಿರಾಣಿ ಪಟ್ಟಿಯಂತೆ ಇಂಚಿಗೊಂದರಂತೆ ಸಾಲಾಗಿ ಬರೆದಿದ್ದರು. ಪಕ್ಕದ ಅಕ್ಷದಲ್ಲಿ ಉಷ್ಣತೆಗೂ ಅದೇ ಗತಿ. ಹಾಗೆ ಬರೆದರೆ ಏರುವ ವಸ್ತು ಯಾವುದಿದ್ದರೂ ನೆಟ್ಟಗೇ ಏರುತ್ತದೆ. ನೀರೂ ಒಂದೇ, ಈರುಳ್ಳಿಯ ಧಾರಣೆಯೂ ಒಂದೇ.

ವಿಲೆ ಪಾರ್ಲೆಯಲ್ಲಿ ಒಂದು ಕಟ್ಟಡದ ಮೇಲಿನ ಎರಡು ಮಾಳಿಗೆಗಳಲ್ಲಿ ನಮ್ಮ ಕನ್ನಡ ಶಾಲೆ ಇತ್ತು. ಐವತ್ತರ ದಶಕದ ಆರಂಭದ ಮಾತು. ನಾನು ಧಾರವಾಡದ ಕಡೆಯವನು, ಅಲ್ಲಿಗೆ ಗಣಿತದ ಮಾಸ್ತರನಾಗಿ ಬಂದು ಎರಡನೆಯ ವರ್ಷ. ಮುಖ್ಯೋಪಾಧ್ಯಾಯರು ಉಡುಪಿಯವರು, ಮೆತ್ತಗೆ ಮಾತಾಡಿ ಗಟ್ಟಿ ಹೊಡೆತ ಕೊಡುವ ಸ್ವಭಾವದವರು.

“ಹೋದ ವರ್ಷ ಗ್ರಾಫಿನ ಪ್ರಶ್ನೆಯಲ್ಲಿ ಒಬ್ಬನೂ ಮಾರ್ಕು ತೆಗೆಯಲಿಲ್ಲ ಮಾರಾಯ್ರೇ,” ಎಂದು ಅವರು ಜೂನ್ ತಿಂಗಳಲ್ಲೇ ನನ್ನನ್ನು ಕೂರಿಸಿಕೊಂಡು ಹೇಳಿದ್ದರು. “ಈ ಸಲ ಹಾಗಾಗುವುದು ಬೇಡ. ದೀಪಾವಳಿ ರಜೆಗೆ ಮೊದಲು ಪರೀಕ್ಷೆಯ ಫಾರ್ಮ್ ಹೋಗ್ತದಲ್ಲ, ನೀವು ಯಾರ ಹೆಸರಿಗೆ ಸಹಿ ಹಾಕ್ತೀರೋ ಅವರಿಗೆ ಮಾತ್ರ ಗಣಿತ. ಉಳಿದವರು ಬೇರೆ ವಿಷಯ ತೆಗೆದುಕೊಳ್ಳಲಿ.”

ಗಣಿತವಿಲ್ಲದವರಿಗೆ ಕಾಲೇಜಿನ ವಿಜ್ಞಾನದ ಬಾಗಿಲು ಮುಚ್ಚಿದಂತೆಯೇ. ಎಂಟರಲ್ಲಿ ಏಳು ಮಂದಿಗೆ ಅದೇನೂ ದೊಡ್ಡ ಚಿಂತೆಯಾಗಿರಲಿಲ್ಲ; ತಂದೆಯ ಹೋಟೆಲೋ ಅಂಗಡಿಯೋ ಕಾದಿತ್ತು. ಚಿಂತೆ ಇದ್ದದ್ದು ತರಗತಿಯ ಒಬ್ಬಳೇ ಹುಡುಗಿಗೆ. ಗಣಿತ ಸಿಕ್ಕಿದರೆ ಕಾಲೇಜು, ಸಿಗದಿದ್ದರೆ ಟೈಪಿಂಗ್ ಕ್ಲಾಸು ಎಂದು ಅವಳ ಮನೆಯಲ್ಲಿ ತೀರ್ಮಾನವಾಗಿತ್ತು. ಅವಳು ಮಾತು ಕಡಿಮೆ, ಪೆನ್ಸಿಲ್ ಮಾತ್ರ ಯಾವಾಗಲೂ ಚೂಪು.

ಜುಲೈ, ಆಗಸ್ಟ್ ಎರಡೂ ತಿಂಗಳು ಅಕ್ಷ ಎಳೆಯುವುದರಲ್ಲೇ ಹೋದವು. ಅಂಕಿಗೆ ಅದರದೇ ಜಾಗ ಇರುತ್ತದೆ ಎಂಬುದನ್ನು ಲೋಕಲ್ ಟ್ರೇನಿನ ಮೂಲಕ ಕಲಿಸಿದೆ. ಸ್ಟೇಷನ್ನಿನ ಹಲಗೆಯ ಮೇಲೆ ಅಂಧೇರಿ, ಪಾರ್ಲೆ, ಸಾಂತಾಕ್ರೂಜ್, ಖಾರ್ ಎಂದು ಹೆಸರುಗಳು ಒಂದರ ಕೆಳಗೊಂದು ಸಮನಾಗಿ ಕೂತಿರುತ್ತವೆ. ಗಾಡಿಯಲ್ಲಿ ಕೂತವನಿಗೆ ಗೊತ್ತು, ಸಾಂತಾಕ್ರೂಜ್ ಬಿಟ್ಟರೆ ಖಾರ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂತು, ಅಂಧೇರಿಯಿಂದ ಪಾರ್ಲೆ ಹಾಗಲ್ಲ. “ಹಲಗಿ ನೋಡಿ ಬರೀಬ್ಯಾಡ್ರಿ, ಗಾಡ್ಯಾಗ ಕೂತು ಬರೀರಿ,” ಎಂದೆ. ಅಂದಿನಿಂದ ಅಂಕಿಗಳು ತಮ್ಮ ಜಾಗಕ್ಕೆ ಬಂದವು.

ಆಮೇಲೆ ಉಳಿದ ಶಿಸ್ತು. ಚುಕ್ಕೆ ಸಾಸಿವೆಗಿಂತ ಸಣ್ಣದಿರಬೇಕು, ಸುತ್ತ ಒಂದು ಪುಟ್ಟ ವೃತ್ತ. ಕಾಗದ ಉಳಿಸುವ ಆಸೆಗೆ ಗ್ರಾಫನ್ನು ಮೂಲೆಗೆ ಒತ್ತಿ ಬರೆಯಬಾರದು. ಅಕ್ಷದ ಕೆಳಗೆ ಅದು ಯಾವುದರ ಅಳತೆ, ಯಾವ ಮಾನದಲ್ಲಿ ಎಂದು ಬರೆಯದ ಹಾಳೆಯನ್ನು ನಾನು ಕಣ್ಣೆತ್ತಿಯೂ ನೋಡುವುದಿಲ್ಲ. ಚುಕ್ಕೆಗಳನ್ನು ಅಡಿಪಟ್ಟಿಯಿಂದ ಜೋಡಿಸಿದರೆ ಗರಗಸದ ಹಲ್ಲು. ಅದಕ್ಕೆ ತೆಂಗಿನ ಕಸಬರಿಗೆಯ ಒಂದು ಕಡ್ಡಿ ಕಿತ್ತು, ಇಬ್ಬರು ಹಿಡಿದು ಬಗ್ಗಿಸಿ, ಮೂರನೆಯವನು ಅದರ ಮಗ್ಗುಲಿಗೆ ಪೆನ್ಸಿಲ್ ಓಡಿಸುವುದು. ಈ ಉಪಾಯ ನನ್ನದೇ. ಜವಾನ ಮಾತ್ರ ಕಸಬರಿಗೆ ದಿನದಿಂದ ದಿನಕ್ಕೆ ಸೊರಗುತ್ತಿದೆಯೆಂದು ದೂರು ಕೊಟ್ಟ.

ಆದರೂ ನನಗೊಂದು ಅಸಮಾಧಾನ. ಪುಸ್ತಕದ ಅಂಕಿಗಳಿಗೆ ಪುಸ್ತಕದ ಹಿಂದೆ ಉತ್ತರವಿರುತ್ತದೆ. ಹುಡುಗರು ಮೊದಲು ಉತ್ತರ ನೋಡಿ ಆಮೇಲೆ ಚುಕ್ಕೆ ಇಡುತ್ತಿದ್ದರು. ಉತ್ತರ ಯಾರಿಗೂ ಗೊತ್ತಿಲ್ಲದ ಒಂದು ಲೆಕ್ಕ ಬೇಕಿತ್ತು. ನನಗೆ ಸಮುದ್ರ ನೆನಪಾಯಿತು.

ಬಯಲುಸೀಮೆಯ ನನಗೆ ಗೊತ್ತಿದ್ದದ್ದು ಕೆರೆ. ಕೆರೆಯ ನೀರು ಇದ್ದಲ್ಲಿ ಇರುತ್ತದೆ. ಮುಂಬಯಿಗೆ ಬಂದ ಹೊಸದರಲ್ಲಿ ವರ್ಸೋವಾದಲ್ಲಿ ಸಮುದ್ರ ಒಳಚಾಚಿದ ಖಾಡಿಯ ದೋಣಿದಕ್ಕೆಗೆ ಹೋಗಿ ಬೆಳಿಗ್ಗೆ ಕೆಸರಿನವರೆಗೆ ಮೆಟ್ಟಿಲಿಳಿದಿದ್ದೆ. ಮಧ್ಯಾಹ್ನ ನೋಡಿದರೆ ಮೆಟ್ಟಿಲುಗಳೇ ಇಲ್ಲ, ಆಳೆತ್ತರದ ನೀರು. ಮಳೆ ಬಂದಿರಲಿಲ್ಲ, ಹೊಳೆ ಬಂದಿರಲಿಲ್ಲ. ಇಷ್ಟು ನೀರನ್ನು ಯಾರು ಎತ್ತಿ ತಂದರು ಎಂದು ಬಿಟ್ಟ ಬಾಯಿ ಬಿಟ್ಟಂತೆ ನಿಂತಿದ್ದೆ. ಚಂದ್ರ ಎಳೆಯುತ್ತಾನೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದವನು ನಾನೇ. ಹೇಳಿದ್ದು ನಿಜವೆಂದು ಅಂದೇ ನಂಬಿಕೆಯಾದದ್ದು.

ಅಕ್ಟೋಬರಿನ ಹುಣ್ಣಿಮೆ ಕಳೆದು ಎರಡನೆಯ ದಿನ ಭಾನುವಾರ ಬಿತ್ತು. ಅದೇ ದಿನ ಗೊತ್ತು ಮಾಡಿದೆ. ಹದಿನಾರು ಅಡಿಯ ಬಿದಿರಿಗೆ ಅಡಿಗೊಂದು ಡಾಂಬರಿನ ಪಟ್ಟೆ, ಪಟ್ಟೆಗಳ ನಡುವೆ ಅಂಗುಲಕ್ಕೊಂದು ಗೀಟು. ದಕ್ಕೆಯಲ್ಲಿ ದೋಣಿ ದಾಟಿಸುವ ಮುದುಕ ನಾವಿಕನೊಬ್ಬನಿದ್ದ, ಕೋಳಿ ಎಂಬ ಮೀನುಗಾರ ಜಾತಿಯವನು. ಬೆಳಗಿನ ಇಳಿತದ ಹೊತ್ತಿಗೆ ಅವನು ಕೆಸರಿಗಿಳಿದು ಬಿದಿರನ್ನು ದಕ್ಕೆಯ ಕಂಬಕ್ಕೆ ಬಿಗಿದು ಕೊಟ್ಟ.

“ಮಾಸ್ತರ್, ಸೂರ್ಯ ಡೋಕ್ಯಾವರ್ ಆಲಾ ಕೀ ಭರತಿ,” ಎಂದ. ಸೂರ್ಯ ನೆತ್ತಿಗೆ ಬಂದಾಗ ನೀರು ತುಂಬುತ್ತದೆಯಂತೆ. ಅವನಿಗೆ ಗಡಿಯಾರವಿರಲಿಲ್ಲ.

ಅರ್ಧ ಗಂಟೆಗೊಂದು ರೀಡಿಂಗ್ ತೆಗೆಯಬೇಕು. ನೀರು ಅಲುಗುತ್ತಲೇ ಇರುವುದರಿಂದ ಮೂರು ಅಲೆಗಳ ಏರು, ಮೂರು ಅಲೆಗಳ ತಗ್ಗು ನೋಡಿ ನಡುವಿನ ಅಂಕಿ ಬರೆಯಬೇಕು. ಐದು ಹುಡುಗರ ತಂಡ ಬೆಳಗಿನ ಏಳರಿಂದ ಹನ್ನೆರಡರವರೆಗೆ. ಅದರ ಮುಖಂಡ ಹೋಟೆಲ್ ಮಾಲಿಕರೊಬ್ಬರ ಮಗ, ಚುರುಕು ಹುಡುಗ. ಹನ್ನೆರಡರಿಂದ ಕತ್ತಲಾಗುವವರೆಗೆ ಆ ಹುಡುಗಿ, ಅವಳ ಚಾಳಿನಲ್ಲೇ, ಅಂದರೆ ಸಾಲುಖೋಲಿಗಳ ಅದೇ ಕಟ್ಟಡದಲ್ಲೇ ಇದ್ದ ಇಬ್ಬರು ಹುಡುಗರು. ಬೆಳಗಿನ ತಂಡಕ್ಕೆ ನನ್ನ ಕೈಗಡಿಯಾರ. ಮಧ್ಯಾಹ್ನದ ತಂಡ ಗಡಿಯಾರ ತರಬೇಕೆಂದಾಗ ಅವಳು, “ಅಪ್ಪನದ್ದು ಕೇಳ್ತೇನೆ ಸರ್,” ಎಂದಿದ್ದಳು.

ಏಳು ಗಂಟೆಗೆ ನೀರು ಏಳು ಅಂಗುಲ. ಮುಂದಿನ ಅರ್ಧ ಗಂಟೆಯಲ್ಲಿ ಒಂದಡಿಯೂ ಏರಲಿಲ್ಲ. ಹುಡುಗರು ಆಕಳಿಸಿದರು. ಒಂಬತ್ತು ಗಂಟೆಯ ಹೊತ್ತಿಗೆ ನೀರಿಗೆ ಅವಸರ ಹತ್ತಿತು. ಅರ್ಧ ಗಂಟೆಗೆ ಒಂದೂವರೆ ಅಡಿಗೂ ಮೀರಿ ಏರುತ್ತ ಡಾಂಬರಿನ ಪಟ್ಟೆಗಳನ್ನು ಒಂದೊಂದಾಗಿ ನುಂಗಿತು. ಯಾರೂ ಆಕಳಿಸಲಿಲ್ಲ. ನನಗೆ ಅಲ್ಲಿಂದ ಏಳಲು ಮನಸ್ಸೇ ಇರಲಿಲ್ಲ, ಆದರೆ ಮುಖ್ಯೋಪಾಧ್ಯಾಯರು ಫಾರ್ಮುಗಳ ಕೆಲಸಕ್ಕೆ ಕರೆದಿದ್ದರು. ಹನ್ನೊಂದಕ್ಕೆ ಗಡಿಯಾರವನ್ನು ಮುಖಂಡನ ಕೈಗೆ ಕಟ್ಟಿ ಬಸ್ಸು ಹತ್ತಿದೆ.

ಸೋಮವಾರ ಶಾಲೆ ಬಿಟ್ಟ ಮೇಲೆ ಅವರೆಂಟು ಮಂದಿಯೂ ನಾನೂ ಮೇಜಿನ ಸುತ್ತ ನಿಂತೆವು. ಎರಡು ಗ್ರಾಫ್ ಹಾಳೆಗಳನ್ನು ಅಂಟಿಸಿ ಒಂದು ಮಾಡಿದ್ದೆ. ಅಡ್ಡಕ್ಕೆ ಗಂಟೆಗೊಂದು ಇಂಚು, ಇಂಚಿಗೆ ಹತ್ತು ಸಣ್ಣ ಚೌಕ, ಅಂದರೆ ಚೌಕಕ್ಕೆ ಆರು ನಿಮಿಷ. ಉದ್ದಕ್ಕೆ ಎರಡು ಅಡಿ ನೀರಿಗೆ ಒಂದು ಇಂಚು. ಮುಖಂಡ ಓದಿದ, ಹುಡುಗಿ ಚುಕ್ಕೆ ಇಟ್ಟಳು.

ಎಂಟು ಚುಕ್ಕೆ ಆಗುವ ಹೊತ್ತಿಗೆ ಎಲ್ಲರೂ ಹಾಳೆಯ ಮೇಲೆ ಬಾಗಿದ್ದರು. ಚುಕ್ಕೆಗಳು ಬೋಗುಣಿಯ ಅಂಚಿನಂತೆ ನಿಧಾನಕ್ಕೆ ಎದ್ದು, ನಡುವೆ ಕಡಿದಾಗಿ ಏರಿ, ಮೇಲೆ ಹೋದಂತೆ ಮತ್ತೆ ನಿಧಾನವಾಗಿ ಬಾಗಿದವು. ಒಂದೂ ದಾರಿ ತಪ್ಪಿರಲಿಲ್ಲ. ಐದು ಜನ ಹುಡುಗರು, ಅಲ್ಲಾಡುವ ನೀರು, ಡಾಂಬರು ಬಳಿದ ಬಿದಿರು; ಅಷ್ಟರ ನಡುವಿನಿಂದ ಇಂಥ ಗೆರೆ ಬಂದಿತ್ತು. ಕೆರೆಯ ಊರಿನವನಿಗೆ ಸಮುದ್ರ ತನ್ನ ಕೈಬರಹ ತೋರಿಸಿದಂತೆ ಅನಿಸಿತು.

ಹನ್ನೆರಡರಲ್ಲಿ ಎಲ್ಲ ಕೆಟ್ಟಿತು.

ರೀಡಿಂಗ್ ಬರೆದ ಪುಸ್ತಕದಲ್ಲಿ ಮುಖಂಡನ ಕೈಬರಹದಲ್ಲಿ ಹನ್ನೆರಡಕ್ಕೆ ಹದಿಮೂರು ಅಡಿ ಎಂದಿತ್ತು, ಹನ್ನೆರಡೂವರೆಗೆ ಹದಿಮೂರು ಅಡಿ ನಾಲ್ಕು ಅಂಗುಲ. ಅದರ ಕೆಳಗೆ ಹುಡುಗಿಯ ಕೈಬರಹದಲ್ಲಿ ಮತ್ತೆ ಹನ್ನೆರಡು. ಎದುರಿಗೆ ಹದಿಮೂರು ಅಡಿ ನಾಲ್ಕು ಅಂಗುಲ. ಹನ್ನೆರಡೂವರೆಗೆ ಅವಳದು ಹದಿಮೂರು ಅಡಿ ಒಂದು ಅಂಗುಲ. ಗೆರೆ ನೆತ್ತಿಗೆ ಬಂದು ದಾರದಂತೆ ಗಂಟು ಬಿದ್ದಿತು. ಇಳಿಯುವ ಭಾಗವೂ ಅವಸರಪಟ್ಟು ಮುಂಚೆಯೇ ಬಿದ್ದುಹೋಗಿತ್ತು.

“ಒಂದ ನೀರು, ಒಂದ ಹೊತ್ತು. ಎರಡು ಎತ್ತರ ಹೆಂಗ ಬಂದ್ವು?” ಎಂದೆ.

“ಇವರು ಬಂದದ್ದೇ ಲೇಟು ಸರ್,” ಎಂದ ಮುಖಂಡ. “ಹನ್ನೆರಡೂವರೆಯ ರೀಡಿಂಗ್ ಸಹ ನಾನೇ ತೆಗೆದೆ. ಮತ್ತೂ ಐದು ನಿಮಿಷ ಕಾದೆ. ನನಗೆ ಮ್ಯಾಚ್ ಇತ್ತು, ಬುಕ್ಕನ್ನು ದೋಣಿಯವನ ಹತ್ರ ಕೊಟ್ಟು ಹೊರಟೆವು. ಇವಳು ಆಮೇಲೆ ಬಂದು ಹನ್ನೆರಡು ಅಂತ ಬರೆದದ್ದು.”

ಹುಡುಗಿಯ ಮುಖ ಕೆಂಪೇರಿತು. “ನಾನು ಹನ್ನೆರಡಕ್ಕೆ ಸರಿಯಾಗಿ ಬಂದದ್ದು ಸರ್, ಗಡಿಯಾರ ನೋಡಿದ್ದೇನೆ. ಆಗ ಇವರು ಯಾರೂ ಇರಲಿಲ್ಲ. ಹನ್ನೆರಡೂವರೆಯದ್ದು ಬುಕ್ಕಿನಲ್ಲಿ ಆಗಲೇ ಇತ್ತು. ಮ್ಯಾಚಿಗೆ ಹೋಗ್ಲಿಕ್ಕೆ ಮೊದಲೇ ಬರೆದಿಟ್ಟದ್ದು.”

ಇಬ್ಬರಲ್ಲಿ ಒಬ್ಬರು ಸುಳ್ಳು. ಪುಸ್ತಕದ ಕೊನೆಯ ಸಾಲು ನೋಡಿದೆ. “ಐದೂವರೆ. ಸೂರ್ಯ ಮುಳುಗಿದ, ಇನ್ನು ಬಿದಿರಿನ ಅಂಕಿ ಕಾಣುವುದಿಲ್ಲ” ಎಂದು ಕೊನೆಯ ರೀಡಿಂಗಿನ ಪಕ್ಕ ಅವಳು ಬರೆದು ನಿಲ್ಲಿಸಿದ್ದಳು. ಅಕ್ಟೋಬರಿನಲ್ಲಿ ಐದೂವರೆಗೆ ಎಲ್ಲಿಯ ಸೂರ್ಯಾಸ್ತ? ತಡವಾಗಿ ಬಂದು, ಬೇಗ ಎದ್ದು ಹೋಗಿ, ನಡುವಿನದನ್ನು ನೆರಳಿನಲ್ಲಿ ಕೂತು ಹೊಸೆದಿದ್ದಾರೆ ಎಂದು ನನ್ನ ತಲೆಯಲ್ಲಿ ತೀರ್ಪು ಬರೆದುಹೋಯಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು.

“ಇಲ್ಲದ ರೀಡಿಂಗ್ ಬರಿಯೋರಿಗೆ ಗಣಿತ ಯಾಕ ಬೇಕವಾ? ನಿನ್ನ ಹೆಸರಿಗೆ ನಾ ಸಹಿ ಹಾಕೂದಿಲ್ಲ,” ಎಂದೆ.

ಅವಳು ಅಳಲಿಲ್ಲ. “ನಾನು ಕಂಡದ್ದನ್ನೇ ಬರೆದದ್ದು ಸರ್,” ಎಂದು ಹೇಳಿ, ಪೆನ್ಸಿಲನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಗೆ ಹೋದಳು.

ಗುರುವಾರ ಇನ್ಸ್‌ಪೆಕ್ಟರು ಬರುವವರಿದ್ದರು; ಈ ಗ್ರಾಫನ್ನು ದೊಡ್ಡದಾಗಿ ಬರೆಸಿ ಗೋಡೆಗೆ ಹಚ್ಚುವುದೆಂದು ಮೊದಲೇ ಮಾತಾಗಿತ್ತು. ಮುಖ್ಯೋಪಾಧ್ಯಾಯರು ಗಂಟನ್ನು ನೋಡಿ ನಕ್ಕರು. “ಇದಕ್ಕೆಂತ ತಲೆಬಿಸಿ ಮಾರಾಯ್ರೇ? ಮಧ್ಯಾಹ್ನದ್ದು ತೆಗೆದುಬಿಡಿ. ಬೆಳಗ್ಗಿನದ್ದನ್ನೇ ಮಗುಚಿ ಹಾಕಿ. ಹತ್ತಿದ ನೀರು ಇಳಿಯಲೇಬೇಕಲ್ಲ!”

ಸಂಜೆ ನನ್ನ ಬಾಡಿಗೆ ಖೋಲಿಯಲ್ಲಿ ಕೂತು ಹಾಗೇ ಮಾಡಿದೆ. ಬೆಳಗಿನ ಗೆರೆಯನ್ನು ಕನ್ನಡಿಯಲ್ಲಿ ಕಂಡಂತೆ ಬಲಕ್ಕೆ ಮಗುಚಿದೆ, ಕಡ್ಡಿ ಬಗ್ಗಿಸಿ ಎಳೆದೆ. ಎಷ್ಟು ಚೆಲುವಾಗಿ ಬಂತೆಂದರೆ, ಪುಸ್ತಕದಲ್ಲಿ ಅಚ್ಚು ಹಾಕಿಸಬಹುದು. ಹಾಳೆಯನ್ನು ಗೋಡೆಗೆ ಆನಿಸಿಟ್ಟು ಊಟಕ್ಕೆ ಕೂತೆ. ಎರಡು ತುತ್ತಿಗೇ ತಟ್ಟೆ ಸರಿಸಿದೆ. ಇಲ್ಲದ ರೀಡಿಂಗ್ ಬರೆಯುವವರಿಗೆ ಗಣಿತ ಯಾಕೆ ಬೇಕೆಂದು ಕೇಳಿದವನು ಹನ್ನೆರಡು ಇಲ್ಲದ ರೀಡಿಂಗುಗಳನ್ನು ಬರೆದು ಕೂತಿದ್ದೆ.

ಮಂಗಳವಾರ ಬೆಳಿಗ್ಗೆ ಚಹಾ ಕುಡಿಯುತ್ತ ಅವಳ ಚುಕ್ಕೆಗಳನ್ನು ಮತ್ತೆ ನೋಡಿದೆ. ಈ ಸಲ ಬೆಳಗಿನ ಚುಕ್ಕೆಗಳನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದೆ. ಅವಳವು ತಮ್ಮಷ್ಟಕ್ಕೆ ನಿಷ್ಕಳಂಕವಾಗಿದ್ದವು. ಮೆಲ್ಲಗೆ ಬಾಗಿ, ಕಡಿದಾಗಿ ಇಳಿದು, ಕೆಳಗೆ ಮತ್ತೆ ನಿಧಾನ. ಹನ್ನೆರಡು ಚುಕ್ಕೆಗಳಲ್ಲಿ ಒಂದೂ ಅಡ್ಡದಾರಿ ಹಿಡಿದಿರಲಿಲ್ಲ. ಆಗ ಒಂದು ಯೋಚನೆ ಬಂತು. ಸುಳ್ಳು ಬರೆಯುವವನು ಮೊದಲು ಮಾಡುವ ಕೆಲಸ ಹಿಂದಿನ ಸಾಲಿಗೆ ಹೊಂದಿಸಿ ಬರೆಯುವುದು. ಪುಸ್ತಕ ಅವಳ ಕೈಯಲ್ಲೇ ಇತ್ತು, ಮೇಲಿನ ಸಾಲು ಕಣ್ಣೆದುರಿಗೇ ಇತ್ತು. ಆದರೂ ಅವಳು ಹೊಂದಿಸಿರಲಿಲ್ಲ. ಹೊಂದಿಸಿದವನು ನಾನು.

ಚುಕ್ಕೆಗಳನ್ನು ಅಳಿಸುವ ಮೊದಲು ಅವುಗಳ ಮಾತು ಕೇಳುವುದೆಂದು ತೀರ್ಮಾನಿಸಿದೆ. ತೆಳು ಕಾಗದಕ್ಕೆ ಕೊಬ್ಬರಿ ಎಣ್ಣೆ ಸವರಿ, ಒತ್ತು ಕಾಗದದಿಂದ ಚೆನ್ನಾಗಿ ಒರೆಸಿ ಚೀಲದಲ್ಲಿಟ್ಟುಕೊಂಡೆ. ನಕ್ಷೆ ತೆಗೆಯಲು ಮಕ್ಕಳು ಮಾಡುವ ಉಪಾಯವೇ ಅದು, ಕೆಳಗಿನದೆಲ್ಲ ಅದರಲ್ಲಿ ಕಾಣುತ್ತದೆ.

ಸಂಜೆ ಇಬ್ಬರನ್ನೇ ಕರೆದೆ. ಹುಡುಗಿಯ ಕೈಗೆ ಎಣ್ಣೆ ಕಾಗದ ಕೊಟ್ಟು, ಅವಳ ಚುಕ್ಕೆಗಳನ್ನಷ್ಟೇ ಅದರ ಮೇಲೆ ತೆಗೆಯಲು ಹೇಳಿದೆ. ಮುಖಂಡನಿಗೆ ಅಡಿಪಟ್ಟಿ ಹಿಡಿಯಲು ಹೇಳಿದೆ, ಕಾಗದ ಮೇಲೆ ಕೆಳಗೆ ಜಾರದ ಹಾಗೆ.

“ಅಡಿ, ಅಂಗುಲ ಬಿದಿರಿನವು, ಅವನ್ನ ಮುಟ್ಟೂಹಂಗಿಲ್ಲ,” ಎಂದೆ. “ಅಡ್ಡಕ್ಕಷ್ಟ ಸರಸು ತಂಗಿ. ಬಲಕ್ಕ. ಸಾವಕಾಶ.”

ಅವಳು ಸರಿಸಿದಳು. ಒಂದು ಚೌಕ, ಎರಡು. ಗಂಟು ಸಡಿಲವಾಯಿತು. ನಾಲ್ಕು, ಐದು. ಅವಳ ಹನ್ನೆರಡರ ಚುಕ್ಕೆ ಹುಡುಗನ ಹನ್ನೆರಡೂವರೆಯ ಮೇಲೆ ಬಂದು, ಅದನ್ನು ದಾಟಿ ಪಕ್ಕಕ್ಕೆ ಸರಿಯಿತು. ಆರು. ಇನ್ನೂ ಸ್ವಲ್ಪ.

“ಸರ್, ಕೂಡಿತು!” ಎಂದು ಕೂಗಿದವನು ಆ ಹುಡುಗನೇ.

ಬೆಳಗಿನ ಏಳರಿಂದ ಸಂಜೆಯ ಕೊನೆಯ ಚುಕ್ಕೆಯವರೆಗೆ ಒಂದೇ ಗೆರೆ. ಕೈ ಎತ್ತಿ ಇಳಿಸಿದಂತೆ ಏರಿ, ನಿಂತು, ಇಳಿದಿತ್ತು. ಆ ಗೆರೆಯನ್ನು ಮಾಡಿದ್ದು ನಾವ್ಯಾರೂ ಅಲ್ಲವೆಂದು ಮೂವರಿಗೂ ಗೊತ್ತಿತ್ತು.

“ಎಷ್ಟು ಚೌಕ ಸರದೈತಿ?”

ಅವಳು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. “ಆರೂವರೆ ಸರ್.”

“ಚೌಕಕ್ಕ ಆರು ನಿಮಿಷ. ಆರೂವರೆಗೆ?”

“ಮೂವತ್ತೊಂಬತ್ತು,” ಎಂದಳು. ಹೇಳಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಆಗಿನ ಮುಂಬಯಿಯಲ್ಲಿದ್ದವರಿಗೆ ಆ ಅಂಕಿಯನ್ನು ವಿವರಿಸಬೇಕಿರಲಿಲ್ಲ, ಈಗಿನವರಿಗೆ ಹೇಳಬೇಕು. ನಗರದಲ್ಲಿ ಆಗ ಎರಡು ಟೈಮು. ರೈಲು, ಅಂಚೆ, ನಮ್ಮ ಶಾಲೆ, ಎಲ್ಲ ಇಡೀ ದೇಶದ ಟೈಮಿನಂತೆ ನಡೆಯುತ್ತಿದ್ದವು; ಜನ ಅದನ್ನು ರೈಲ್ವೆ ಟೈಮು ಎನ್ನುತ್ತಿದ್ದರು. ಫೋರ್ಟ್ ಎಂಬ ಕೋಟೆ ಪ್ರದೇಶದ ಕೆಲವು ಹಳೆಯ ಆಫೀಸುಗಳು ಮಾತ್ರ ಹಟ ಹಿಡಿದು ಹಿಂದಿನ ಮುಂಬಯಿ ಟೈಮನ್ನೇ ಇಟ್ಟುಕೊಂಡಿದ್ದವು. ಅದು ರೈಲ್ವೆ ಟೈಮಿಗಿಂತ ಮೂವತ್ತೊಂಬತ್ತು ನಿಮಿಷ ಹಿಂದೆ.

“ಅಪ್ಪನ ಆಫೀಸು ಮುಂಬಯಿ ಟೈಮ್ ಸರ್,” ಎಂದಳು ಅವಳು, ಸಣ್ಣ ದನಿಯಲ್ಲಿ. “ಆ ಗಡಿಯಾರವನ್ನು ಮನೆಯಲ್ಲಿ ನಾವು ಯಾರೂ ನೋಡುವುದಿಲ್ಲ. ಗೋಡೆಯದ್ದನ್ನೇ ನೋಡುವುದು. ಆ ದಿನ ಮಾತ್ರ ಕೈಯಲ್ಲಿದ್ದದ್ದನ್ನು ನೋಡಿ ಹೊರಟೆ.”

ಹುಡುಗ ತಲೆ ಕೆರೆದುಕೊಂಡ. “ಹಾಗಾದ್ರೆ ನಾನು ಹೊರಟು ನಾಲ್ಕೇ ನಿಮಿಷಕ್ಕೆ ಇವಳು ಬಂದದ್ದು. ದಾರಿಯಲ್ಲೇ ಎದುರೆದುರು ಹೋಗಿರಬೇಕು ನಾವು.”

ಪುಸ್ತಕದ ಕೊನೆಯ ಸಾಲನ್ನು ನಾನು ಮತ್ತೆ ತೆಗೆದೆ. ಐದೂವರೆಗೆ ಮೂವತ್ತೊಂಬತ್ತು ಕೂಡಿಸಿದರೆ ಆರು ದಾಟಿ ಒಂಬತ್ತು ನಿಮಿಷ. ಅಕ್ಟೋಬರಿನ ಸೂರ್ಯ ಮುಳುಗುವುದು ಆಗಲೇ. ಅವಳು ಸೂರ್ಯನನ್ನು ಸಾಕ್ಷಿ ಹಾಕಿ ಹೋಗಿದ್ದಳು. ನಾನು ಅದನ್ನು ನೆಪ ಎಂದು ಓದಿದ್ದೆ.

ಆದರೂ ಕಾಗದದ ಮೇಲೆ ಕೂಡಿತೆಂದು ಅಷ್ಟಕ್ಕೇ ಬಿಡಲು ಮನಸ್ಸು ಬರಲಿಲ್ಲ. ಬುಧವಾರ ಬೆಳಿಗ್ಗೆ ಪಾರ್ಲೆ ಸ್ಟೇಷನ್ನಿಗೆ ಹೋದೆ. ಅವಳ ತಂದೆ ಲೋಕಲ್‌ಗೆ ಕಾಯುತ್ತಿದ್ದರು, ಕೊಡೆ, ಊಟದ ಡಬ್ಬಿ ಹಿಡಿದುಕೊಂಡು. ಮಗಳ ವಿಷಯವೆಂದಾಗ ಅವರ ಮುಖ ಇಳಿಯಿತು. ನಾನು ಅವರ ಕೈಗಡಿಯಾರದತ್ತ ಬೆರಳು ತೋರಿಸಿದೆ. ಪ್ಲಾಟ್‌ಫಾರ್ಮಿನ ಗಡಿಯಾರದಲ್ಲಿ ಎಂಟು ಐವತ್ತು. ಅವರದರಲ್ಲಿ ಎಂಟು ಹನ್ನೊಂದು.

“ಹೌದಲ್ಲ ಮಾಸ್ಟ್ರೇ, ಇದು ಆಫೀಸಿನ ಟೈಮು,” ಎಂದರು, ನಾನು ಹುಚ್ಚನೋ ಎಂಬಂತೆ ನೋಡುತ್ತ. “ಗಾಡಿಗೆ ನಾನು ಮನಸ್ಸಿನಲ್ಲೇ ಕೂಡಿಸಿಕೊಳ್ಳುವುದು. ಎಷ್ಟೋ ವರ್ಷದ ಅಭ್ಯಾಸ.” ಆಮೇಲೆ ತಟ್ಟನೆ ನಿಂತರು. “ಅಯ್ಯೋ ದೇವರೇ! ಭಾನುವಾರ ಕಟ್ಟಿ ಕೊಡುವಾಗ ಅವಳಿಗೆ ಹೇಳಲೇ ಇಲ್ಲ ನಾನು.”

ಗಾಡಿ ಬಂತು, ಅವರು ಹತ್ತಲಿಲ್ಲ. “ಅವಳದ್ದು ತಪ್ಪಿಲ್ಲ ಮಾಸ್ಟ್ರೇ, ನನ್ನದು,” ಎಂದು ಎರಡು ಸಲ ಹೇಳಿದರು. ತಪ್ಪು ಯಾರದೆಂದು ನನಗೆ ಗೊತ್ತಿತ್ತು. ಅಕ್ಷದ ಕೆಳಗೆ ಯಾವ ಮಾನ ಎಂದು ಬರೆಯದ ಹಾಳೆಯನ್ನು ಕಣ್ಣೆತ್ತಿ ನೋಡದ ಮಾಸ್ತರ, “ಸಮಯ, ಗಂಟೆಗಳಲ್ಲಿ” ಎಂದು ತಾನೇ ಬರೆಸಿ, ಯಾರ ಗಂಟೆ ಎಂದು ಕೇಳಿರಲಿಲ್ಲ.

ಅಂದು ತರಗತಿಯಲ್ಲಿ ಎಂಟೂ ಮಂದಿಯ ಎದುರು ಅದನ್ನು ಹೇಳಿದೆ. “ತಪ್ಪು ನಂದು. ಸುಳ್ಳು ಅಂತ ಅಂದದ್ದೂ ತಪ್ಪು,” ಎಂದೆ. ಆ ಕಾಲದಲ್ಲಿ ಮಾಸ್ತರರು ಹೀಗೆ ಹೇಳುವ ರೂಢಿ ಇರಲಿಲ್ಲ. ಹುಡುಗರು ಎಲ್ಲಿ ನೋಡಬೇಕೆಂದು ತಿಳಿಯದೆ ಡೆಸ್ಕು ನೋಡಿದರು. ಆಮೇಲೆ ನಾನು ಮಗುಚಿ ಬರೆದಿದ್ದ ಹಾಳೆಯನ್ನೂ ಚೀಲದಿಂದ ತೆಗೆದು ಮೇಜಿನ ಮೇಲೆ ಹಾಸಿದೆ. ಇದನ್ನು ನಾನು ಸಮುದ್ರಕ್ಕೆ ಹೋಗದೆ ಬರೆದೆ ಎಂದೆ. ಹುಡುಗಿಗೆ ಅವಳ ಚುಕ್ಕೆಗಳನ್ನು ಆರೂವರೆ ಚೌಕ ಸರಿಸಿ ಇದರ ಮೇಲೇ ಇಡಲು ಹೇಳಿದೆ.

ಎರಡು ಗಂಟೆಯವರೆಗೆ ಅವಳ ಚುಕ್ಕೆಗಳು ನನ್ನ ಗೆರೆಯ ಮೇಲೇ ಬಿದ್ದವು. ಯಾರೋ “ಸರ್ ಸರಿಯಾಗೇ ಬರೆದಿದ್ದಾರೆ” ಎಂದು ಪಿಸುಗುಟ್ಟಿದರು. ಮೂರರ ನಂತರ ಚುಕ್ಕೆಗಳು ಗೆರೆಯನ್ನು ಬಿಟ್ಟು ಮೇಲೇಳತೊಡಗಿದವು. ನಾಲ್ಕೂವರೆ ದಾಟಿದಾಗ ನನ್ನ ಗೆರೆಗಿಂತ ಎರಡು ಚೌಕ ಮೇಲೆ, ಅಂದರೆ ಹತ್ತಿರ ಹತ್ತಿರ ಐದು ಅಂಗುಲ. ನೀರು ಏರಿದಷ್ಟು ಚುರುಕಾಗಿ ಇಳಿದಿರಲಿಲ್ಲ. ಖಾಡಿ ಹಿಡಿದುಕೊಂಡಿತೋ, ಗಾಳಿ ತಡೆಯಿತೋ ನನಗೆ ತಿಳಿಯದು. ಆ ಐದು ಅಂಗುಲವನ್ನು ನಾನು ಖೋಲಿಯಲ್ಲಿ ಕೂತು ನೂರು ವರ್ಷ ಕಡ್ಡಿ ಬಗ್ಗಿಸಿದ್ದರೂ ಬರೆಯುತ್ತಿರಲಿಲ್ಲ. ಬಿಸಿಲಲ್ಲಿ ನಿಂತು ಮೂರು ಅಲೆಯ ಏರು, ಮೂರು ಅಲೆಯ ತಗ್ಗು ನೋಡಿದ ಹುಡುಗಿಗಷ್ಟೇ ಅದು ಸಿಕ್ಕಿತ್ತು. ನಾನು ಆ ಎರಡು ಚೌಕಗಳನ್ನು ಎಷ್ಟು ಹೊತ್ತು ನೋಡಿದೆನೋ, ಗಂಟೆ ಹೊಡೆದದ್ದೂ ಕೇಳಲಿಲ್ಲ.

ಗೋಡೆಗೆ ಹಚ್ಚಿದ್ದು ಅವಳು ಬರೆದ ಗ್ರಾಫು. ಅಕ್ಷದ ಕೆಳಗೆ ಎರಡು ಸಾಲು ಅಂಕಿಗಳು, ಒಂದರ ಪಕ್ಕ ರೈಲ್ವೆ ಟೈಮು, ಇನ್ನೊಂದರ ಪಕ್ಕ ಮುಂಬಯಿ ಟೈಮು. ನೀರಿನ ನೆತ್ತಿ ಎರಡನೆಯ ಸಾಲಿನ ಹನ್ನೆರಡರ ಮೇಲೆ ಸುಮಾರಾಗಿ ನಿಂತಿತ್ತು. ಗಡಿಯಾರವಿಲ್ಲದ ಮುದುಕ ಹೇಳಿದ ಸೂರ್ಯನ ಮಧ್ಯಾಹ್ನವೂ ಹತ್ತಿರ ಹತ್ತಿರ ಅದೇ. ಇನ್ಸ್‌ಪೆಕ್ಟರು ಅದರ ಮುಂದೆ ಬಹಳ ಹೊತ್ತು ನಿಂತು, “ಇದರಲ್ಲಿ ನಿಮ್ಮದೆಷ್ಟು?” ಎಂದು ನನ್ನನ್ನು ಕೇಳಿದರು. “ಒಂದು ಗಡಿಯಾರ, ಒಂದು ಕಸಬರಿಗಿ ಕಡ್ಡಿ,” ಎಂದೆ. ಮುಖ್ಯೋಪಾಧ್ಯಾಯರು ಕೆಮ್ಮಿದರು.

ಅಂದೇ ಸಂಜೆ ಹುಡುಗಿ ಫಾರ್ಮು ತಂದು ಮೇಜಿನ ಮೇಲಿಟ್ಟಳು. ಗಣಿತದ ಮುಂದೆ ಸಹಿ ಹಾಕಿದೆ. ತಾರೀಖು ಬರೆದೆ. ಮನಸ್ಸು ತುಂಬಿತ್ತು, ಏನಾದರೂ ಹೇಳಬೇಕೆನಿಸಿ, ಹೇಳಲು ಬಾರದೆ, ಗೋಡೆಯ ಗಡಿಯಾರ ನೋಡಿ ತಾರೀಖಿನ ಪಕ್ಕದಲ್ಲಿ ಗಂಟೆಯನ್ನೂ ಬರೆದೆ: ಐದು ಇಪ್ಪತ್ತು.

ಅವಳು ಫಾರ್ಮನ್ನು ಎತ್ತಿ ಓದಿದಳು. ನಾಲ್ಕು ದಿನಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು. ಫಾರ್ಮನ್ನು ತಿರುಗಿಸಿ ಮತ್ತೆ ನನ್ನ ಮುಂದಿಟ್ಟಳು.

“ಯಾವ ಟೈಮ್ ಅಂತ ಬರೀಲಿಲ್ಲ ಸರ್,” ಎಂದಳು.